ಹುಣಸೆ ಬೀಜ ಓರೆಯಾಗಿ ನಿಂತಾಗ

ನಮ್ಮ ಅವ್ವ ಮೊಬೈಲಿನಲ್ಲಿ ಲೂಡೋ ಆಡಲು ಕಲಿತದ್ದು 2020ರ ಲಾಕ್‌ಡೌನ್‌ನಲ್ಲಿ. ಕಲಿಸಿದವನು ನನ್ನ ಅಕ್ಕನ ಮಗ. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಎರಡು ಆಟ ಆಗಲೇಬೇಕು. ಆದರೆ ಇಷ್ಟು ವರ್ಷ ಆಡಿಯೂ ಒಂದೇ ಒಂದು ದಿನ ಆ ಆಟವನ್ನು ಅವಳು ನಂಬಿಲ್ಲ.

"ಬೇಕೂಂತ್ಲೇ ನಂಗೆ ಆರು ಬೀಳಿಸಾಕಿಲ್ಲ ಕಣ್ಲಾ ಇವ್ನು," ಎನ್ನುತ್ತಾಳೆ.

"ಯಾರವ್ವ ಇವ್ನು?"

"ಒಳಗವ್ನಲ್ಲ, ಅವ್ನು."

ಒಳಗೆ ಯಾರೂ ಇಲ್ಲ, ಅದೊಂದು ಲೆಕ್ಕ ಅಷ್ಟೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಲೆಕ್ಕ ಬರೆಯೋನು ಒಬ್ಬ ಇರಬೇಕಲ್ಲ" ಎನ್ನುತ್ತಾಳೆ. ಕಂಪ್ಯೂಟರ್ ಓದಿ ಇಷ್ಟು ವರ್ಷವಾದರೂ ಈ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಅವ್ವನ ಸಂಕಟ ಅರ್ಥವಾಗಬೇಕಾದರೆ ಅವಳ ಹಳೇ ಆಟ ಗೊತ್ತಿರಬೇಕು. ನಮ್ಮೂರು ಪಾಂಡವಪುರದ ಹತ್ತಿರ. ಅಲ್ಲಿ ನಾವು ಕಟ್ಟೆಮನೆ ಅನ್ನುತ್ತಿದ್ದೆವು. ಮೈಸೂರಿಗೆ ಬಂದ ಮೇಲೆ ಅದಕ್ಕೆ ಚೌಕಾಬಾರ ಎಂಬ ಹೆಸರೂ ಇದೆ ಅಂತ ತಿಳಿಯಿತು. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆಯಬೇಕು. ನಾಲ್ಕು ಬದಿಯ ನಡುವಿನ ಮನೆಗೆ ಅಡ್ಡಗೀಟು ಹಾಕಿದರೆ ಅವು ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬರಿಗೆ ಬಳೆಚೂರು ಕಾಯಿ, ಇನ್ನೊಬ್ಬರಿಗೆ ಕಡ್ಡಿ, ಮತ್ತೊಬ್ಬರಿಗೆ ಹುರುಳಿಕಾಳು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು ಅನ್ನುತ್ತಾರೆ. ಎಷ್ಟು ಚೆಂದದ ಮಾತು ನೋಡಿ. ಈಗಿನ ಆಟಗಳಲ್ಲಿ ಇದೇ ಜಾಗಕ್ಕೆ 'ಮಿಷನ್ ಕಂಪ್ಲೀಟೆಡ್' ಅಂತ ಬರುತ್ತದೆ, ಗುತ್ತಿಗೆದಾರ ಬಿಲ್ಲು ಕೊಟ್ಟ ಹಾಗೆ.

ಕವಡೆ ಎಲ್ಲಾ ಉಳ್ಳವರ ಮನೆಯದು. ನಮ್ಮದು ಹುಣಸೆ ಬೀಜ. ನಾಲ್ಕು ದಪ್ಪ ಬೀಜ ಆರಿಸಿ, ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬಿಳಿ ಮಾಡಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಬೀಜ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂದುಕೊಂಡರೆ, ಲೆಕ್ಕದ ಪ್ರಕಾರ ಚೌಕ ಬೀಳುವುದು ಹದಿನಾರಕ್ಕೆ ಒಂದು ಸಲ, ಬಾರವೂ ಅಷ್ಟೇ. ಆದರೆ ಹುಣಸೆ ಬೀಜ ಸಮನಾಗಿ ಬೀಳುವುದು ಎಲ್ಲಿಂದ ಬಂತು? ಎಷ್ಟು ತಿಕ್ಕಿದರೆ ಎತ್ತ ಹೊರಳುತ್ತೆ ಅನ್ನುವುದು ಅವ್ವನಿಗೆ ಬೆರಳಲ್ಲೇ ಗೊತ್ತು. ಎದುರು ಮನೆಯ ಅತ್ತೆಗೂ ಗೊತ್ತು. ಹಾಗಾಗಿ ಯಾರ ಮನೆ ಬೀಜದಲ್ಲಿ ಆಡೋದು ಅನ್ನುವಲ್ಲಿಂದಲೇ ಆಟ ಶುರು.

ಇನ್ನು ಹಾಕಿದ ಬೀಜವೊಂದು ಚಾಪೆ ಅಂಚಿಗೋ ನೆಲದ ಬಿರುಕಿಗೋ ಸಿಕ್ಕಿ ಓರೆಯಾಗಿ ನಿಂತುಬಿಟ್ಟರೆ ಮುಗಿಯಿತು. "ಬಿಳಿ ಕಾಣ್ತಾ ಐತೆ." "ನಿನ್ ಕಡೆಯಿಂದ ಕಂಡ್ರೆ ಆಯ್ತಾ?" "ಚಾಪೆ ಸರ್ಸಿದ್ಯಾರು?" "ಹೋದ ವರ್ಷ ಹಿಂಗೇ ನಿಂತಾಗ ನೀನೇನ್ ಅಂದಿದ್ದೆ?" ಹೋದ ವರ್ಷದ ಮಾತಿನಿಂದ ಹತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾರಿಗೆ ಸೀರೆ ಕೊಡಲಿಲ್ಲ ಅನ್ನುವ ತನಕ ಹೋಗಿ, ಅಲ್ಲಿಂದ ವಾಪಸ್ ಬಂದು, ಕಾಫಿ ಕುಡಿದು, ಬೀಜವನ್ನು ಮತ್ತೆ ಹಾಕುತ್ತಿದ್ದರು.

ಇದಕ್ಕೆ ನಮ್ಮ ಕಡೆ ಕ್ಯಾತೆ ಅನ್ನುತ್ತಾರೆ. ಮಂಡ್ಯದವರಿಗೆ ವಿವರಿಸಬೇಕಿಲ್ಲ. ಉಳಿದವರು ಇಷ್ಟು ತಿಳಿದರೆ ಸಾಕು, ಜಗಳ ಬೇರೆ, ಕ್ಯಾತೆ ಬೇರೆ. ಜಗಳದಲ್ಲಿ ಸಿಟ್ಟು ಮೊದಲು ಬರುತ್ತದೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಕ್ಯಾತೆಯಲ್ಲಿ ಕಾರಣ ಮೊದಲೇ ಸಿಕ್ಕಿರುತ್ತದೆ, ಸಿಟ್ಟು ಬಂದರೂ ಸೈ, ಬರದಿದ್ದರೂ ಸೈ. ಜಗಳ ಆಡಿದವರು ಮಾತು ಬಿಡುತ್ತಾರೆ. ಕ್ಯಾತೆ ತೆಗೆದವರು ನಾಳೆ ಮತ್ತೆ ಆಡಲು ಬರುತ್ತಾರೆ.

ಮೊಬೈಲಿನ ಲೂಡೋದಲ್ಲಿ ಬೀಜ ಓರೆಯಾಗಿ ನಿಲ್ಲುವುದಿಲ್ಲ. ಅವ್ವನ ತಕರಾರು ಇರುವುದೇ ಅಲ್ಲಿ.

ನನ್ನದೂ ಒಂದು ರೀತಿಯಲ್ಲಿ ಕ್ಯಾತೆ ತೆಗೆಯುವ ಕೆಲಸವೇ. ಮೈಸೂರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ಹುಳುಕು ಹುಡುಕಿ ತೋರಿಸಬೇಕು. ಬರೆದವನು ಮೊದಲು ಒಪ್ಪುವುದಿಲ್ಲ. "ನನ್ನ ಮಷೀನಿನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಎನ್ನುತ್ತಾನೆ. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಸಾಫ್ಟ್‌ವೇರ್ ಬರೆಯುವವರ ಮೊದಲ ಮಾತು ಇದೇ. ನಾನು ಮಂಡ್ಯ ಜಿಲ್ಲೆಯವನಾದ್ದರಿಂದ ಈ ಕೆಲಸಕ್ಕೆ ಬೇರೆ ತರಬೇತಿ ಬೇಕಾಗಲಿಲ್ಲ.

ಒಂದು ಭಾನುವಾರ ಅವ್ವನಿಗೆ ಲೂಡೋದ ಒಳಗುಟ್ಟು ಹೇಳಲು ಕೂತೆ. ಕಂಪ್ಯೂಟರಿಗೆ ಸುಮ್ನೆ ಒಂದು ಅಂಕಿ ಹೇಳು ಅಂದರೆ ಹೇಳಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಕೂಡುವುದು, ಗುಣಿಸುವುದು, ಭಾಗಿಸುವುದು. ಹಾಗಾಗಿ ಅದಕ್ಕೆ ಮೊದಲು ಎಲ್ಲಿಂದಾದರೂ ಒಂದು ಸಂಖ್ಯೆ ಕೊಡಬೇಕು. ಗಡಿಯಾರದಲ್ಲಿ ಆ ಕ್ಷಣದ ಹೊತ್ತು ಎಷ್ಟು ಅನ್ನುವುದನ್ನೇ ಕೊಡುವುದೂ ಉಂಟು. ಆ ಸಂಖ್ಯೆಯನ್ನು ಗುಣಿಸಿ, ಭಾಗಿಸಿ, ಕಲಸಿ ಮುಂದಿನ ಅಂಕಿ ತೆಗೆಯುತ್ತದೆ. ಅದನ್ನು ಕಲಸಿ ಅದರ ಮುಂದಿನದು. ನೋಡುವವರಿಗೆ ಗೊತ್ತುಗುರಿ ಇಲ್ಲದೆ ಬಿದ್ದ ಗರದ ಹಾಗೆ ಕಾಣುತ್ತದೆ. ಆದರೆ ಮೊದಲ ಸಂಖ್ಯೆ ಅದೇ ಕೊಟ್ಟರೆ ಇಡೀ ಆಟದ ಗರಗಳು ಅದೇ ಸರದಿಯಲ್ಲಿ ಮತ್ತೆ ಬೀಳುತ್ತವೆ. ಟೆಸ್ಟಿಂಗ್ ಮಾಡುವಾಗ ನಾವು ಬೇಕಂತಲೇ ಹಾಗೆ ಮಾಡುತ್ತೇವೆ. ಆ ಮೊದಲ ಸಂಖ್ಯೆಗೆ ನಮ್ಮ ಕಸುಬಿನಲ್ಲಿ ಸೀಡ್ ಅನ್ನುತ್ತಾರೆ.

"ಸೀಡು ಅಂದ್ರೆ?"

"ಬೀಜ, ಅವ್ವ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಬೀಜ ಅವ್ನ ಕೈಲೇ ಐತೆ ಅನ್ನು. ನಾನೂ ಅದೇ ಹೇಳ್ತಿರೋದು."

ಅವ್ವನ ಅನುಮಾನ ಅವಳೊಬ್ಬಳದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಐಪಾಡ್ ಬಂದ ಹೊಸದರಲ್ಲಿ ಜನ ದೂರು ಹೇಳುತ್ತಿದ್ದರಂತೆ. ಹಾಡುಗಳನ್ನು ಕಲಸಿ ಹಾಕು ಅಂದರೆ ಒಬ್ಬನೇ ಗಾಯಕನ ಹಾಡು ಎರಡು ಮೂರು ಸಾಲಾಗಿ ಬರುತ್ತದೆ, ಇದರಲ್ಲೇನೋ ಮೋಸ ಇದೆ ಅಂತ. ಮೋಸ ಏನೂ ಇರಲಿಲ್ಲ. ನಿಜವಾಗಿ ಕಲಸಿದರೆ ಹಾಗೂ ಬೀಳುತ್ತದೆ. ಆದರೆ ಜನ ಒಪ್ಪಲಿಲ್ಲ. 2005ರಲ್ಲಿ ಆಪಲ್ ಕಂಪನಿ ಬೇಕಂತಲೇ ಕಲಸುವುದನ್ನು ಕಡಿಮೆ ಮಾಡಿ, ಒಬ್ಬನ ಹಾಡುಗಳು ದೂರ ದೂರ ಬೀಳುವ ಹಾಗೆ ಮಾಡುವ ಸೌಲಭ್ಯ ಕೊಟ್ಟಿತು. ಕಲಸಿದ್ದು ಕಡಿಮೆಯಾದ ಮೇಲೆ ಜನರಿಗೆ ಚೆನ್ನಾಗಿ ಕಲಸಿದ ಹಾಗೆ ಕಂಡಿತು!

ವಿಡಿಯೋ ಗೇಮಿನವರ ಕಥೆ ಇನ್ನೂ ಮಜಾ. ಸಿವಿಲೈಸೇಶನ್ ಅನ್ನುವ ಹೆಸರಾಂತ ಆಟ ಕಟ್ಟಿದ ಸಿಡ್ ಮೈಯರ್ 2010ರಲ್ಲಿ ಆಟ ಕಟ್ಟುವವರ ಸಮ್ಮೇಳನದಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಆ ಆಟದಲ್ಲಿ ಯುದ್ಧಕ್ಕೆ ಮೊದಲು ನಿಮ್ಮ ಬಲ ಮೂರು, ಎದುರಾಳಿ ಬಲ ಒಂದು ಅಂತ ತೋರಿಸುತ್ತಾರೆ. ಅಂದರೆ ನಾಲ್ಕು ಸಲ ಕಾದಾಡಿದರೆ ಒಂದು ಸಲ ನೀವು ಸೋಲಬೇಕು. ಆಟಗಾರರು ಸೋತಾಗ ಕ್ಯಾತೆ ತೆಗೆದರು. ಮೂರು ದೊಡ್ಡದು, ಒಂದು ಚಿಕ್ಕದು, ನಾನು ಹೇಗೆ ಸೋತೆ? ಸರಿ ಅಂತ ಅದನ್ನು ತಿದ್ದಿದರು. ಆಮೇಲೆ ಎರಡಕ್ಕೆ ಒಂದು ಇದ್ದಾಗ ಸೋತವರು ಬಂದರು. ಒಂದು ಸಲ ಸೋತಿದ್ದು ಪರವಾಗಿಲ್ಲ, ಎರಡನೇ ಸಲವೂ ಸೋಲೋದು ಅಂದರೆ ಏನು? ಕೊನೆಗೆ ಹಿಂದಿನ ಸೋಲನ್ನು ನೆನಪಿಟ್ಟುಕೊಂಡು ಮುಂದಿನ ಸಲ ಸ್ವಲ್ಪ ಕೈ ಹಿಡಿಯುವ ಹಾಗೆ ಆಟವನ್ನೇ ಬದಲಿಸಿದರು. ಇನ್ನೊಂದು ಮಾತು, ಮೂರಕ್ಕೆ ಒಂದು ತಮಗೆ ಎದುರಾಗಿದ್ದು ತಾವು ಗೆದ್ದುಬಿಟ್ಟಾಗ ಯಾರೂ ದೂರು ಕೊಡಲಿಲ್ಲವಂತೆ.

ಇದನ್ನು ಓದಿದ ದಿನ ನನಗೆ ಖುಷಿಯಾಯಿತು. ಅಮೆರಿಕದವರು ಮಾಡಿದ್ದೂ ಕ್ಯಾತೆಯೇ. ಹೆಸರು ಗೊತ್ತಿಲ್ಲ ಅಷ್ಟೆ.

ಅಕ್ಕನ ಮಗನದು ಬೇರೆ ಲೋಕ. ಅವನು ಆಡುವುದು ಬಂದೂಕಿನ ಆಟ. ಪಬ್ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಇನ್ನೂ ನೂರಕ್ಕೂ ಹೆಚ್ಚು ಆ್ಯಪ್‌ಗಳ ಜೊತೆ ನಿಷೇಧಿಸಿತಲ್ಲ, ಆಗ ಇವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ಒಂದು ವರ್ಷಕ್ಕೆ ಅದೂ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಹುಡುಗ ಹೈಸ್ಕೂಲಿನಿಂದ ಪಿಯುಸಿಗೆ ಬರುವಷ್ಟರಲ್ಲಿ ಒಂದು ಆಟಕ್ಕೆ ಎರಡು ಸಲ ಸೂತಕ ಆಚರಿಸಿದ್ದಾನೆ.

ಆಟ ಏನು ಅಂತ ಅವ್ವ ಕೇಳಿದಳು. ಅವನು ಹೇಳಿದ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಬರಿಗೈಯಲ್ಲಿ. ಸಿಕ್ಕ ಮನೆಗೆ ನುಗ್ಗಿ ಸಿಕ್ಕಿದ್ದು ಎತ್ತಿಕೊಳ್ಳಬೇಕು. ಹೊರಗಿನಿಂದ ಒಂದು ಗೆರೆ ಕಿರಿದಾಗುತ್ತಾ ಬರುತ್ತೆ, ಅದರ ಒಳಗೇ ಇರಬೇಕು. ಕೊನೆಗೆ ಯಾರು ಉಳಿಯುತ್ತಾರೋ ಅವರು ಗೆದ್ದ ಹಾಗೆ.

"ಗೊತ್ತಾಯ್ತು ಬುಡು," ಅಂದಳು ಅವ್ವ. "ನಮ್ಮೂರಲ್ಲಿ ವರ್ಸಾ ವರ್ಸಾ ಬದ ಒತ್ತರಿಸ್ಕಂಡು ಬತ್ತಾರಲ್ಲ, ಅದೇಯ."

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವನು ಕೂಗುವ ಮಾತುಗಳಿಗೆ ಅಕ್ಕಪಕ್ಕದವರು ಈಗ ಒಗ್ಗಿಹೋಗಿದ್ದಾರೆ. ಮೊದಲ ಸಲ "ನಾನು ಸತ್ತೋದೆ ಕಣೋ, ಬೇಗ ಬಂದು ಎಬ್ಬಿಸೋ!" ಅಂತ ಕಿರುಚಿದಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳದೆ ಓಡಿಬಂದಿದ್ದರು. ಸೋತಾಗ ಇವನು ಹೇಳುವ ಕಾರಣಗಳನ್ನು ನಾನು ಗಮನಿಸಿದ್ದೇನೆ. ಪಿಂಗ್ ಜಾಸ್ತಿ ಇತ್ತು. ನಾನು ಮೊದಲು ಹೊಡೆದೆ, ಸರ್ವರ್ ತಗೊಳ್ಳಲಿಲ್ಲ. ಅವನು ಹ್ಯಾಕರ್. ಅಪ್‌ಡೇಟ್ ಆದಮೇಲೆ ಗನ್ನೇ ಸರಿ ಇಲ್ಲ. ಅಜ್ಜಿ ಒಳಗಿರೋನಿಗೆ ಬಯ್ಯುತ್ತಾಳೆ, ಮೊಮ್ಮಗ ಸರ್ವರ್‌ಗೆ ಬಯ್ಯುತ್ತಾನೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾನೂನು ಮಾಡಿದ ದಿನ ಇವನು ಓಡಿಬಂದ. "ಮಾಮ, ನಾನು ಆಡೋದು ಇ-ಸ್ಪೋರ್ಟ್ಸ್. ಸರ್ಕಾರವೇ ಒಪ್ಪಿದೆ. ಇನ್ಮೇಲೆ ಅಮ್ಮ ಬೈಯೋ ಹಾಗಿಲ್ಲ." ಕಾನೂನಿನಲ್ಲಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಇರುವುದು ನಿಜ. ಅಮ್ಮ ಬೈಯಬಾರದು ಅನ್ನುವ ಕಲಂ ನನಗೆ ಎಲ್ಲೂ ಕಾಣಲಿಲ್ಲ.

ಆ ಕಾನೂನಿನ ಮುಖ್ಯ ಗುರಿ ದುಡ್ಡು ಕಟ್ಟಿ ಆಡುವ ಆಟಗಳು. ಇದರ ಹಿಂದೆ ದೊಡ್ಡ ಕ್ಯಾತೆಯೇ ಇದೆ. ರಮ್ಮಿ ಜೂಜೋ, ಜಾಣತನವೋ? 1968ರಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಕೇಸಿನಲ್ಲಿ ರಮ್ಮಿಯಲ್ಲಿ ಜಾಣತನದ ಪಾಲೇ ಹೆಚ್ಚು ಅಂದಿತ್ತು. ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಯೋಚಿಸಬೇಕು ಅಲ್ವಾ? ಆ ಒಂದು ಮಾತನ್ನು ಹಿಡಿದುಕೊಂಡು ಮೊಬೈಲಿನ ರಮ್ಮಿಯವರು ವರ್ಷಗಟ್ಟಲೆ ವಾದ ಮಾಡಿದರು. ನಮ್ಮ ರಾಜ್ಯ 2021ರಲ್ಲಿ ಇಂಥ ಆಟಗಳನ್ನು ತಡೆಯಲು ಕಾನೂನು ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಕಾನೂನು ಬಂದು ಜಾಣತನವಾಗಲಿ, ಅದೃಷ್ಟವಾಗಲಿ, ಎರಡೂ ಸೇರಿರಲಿ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವುದಾದರೆ ಇಲ್ಲ ಅಂತ ಹೇಳಿಬಿಟ್ಟಿತು. ಅರ್ಧ ಶತಮಾನದ ವಾದಕ್ಕೆ ಒಂದೇ ವಾಕ್ಯದ ಉತ್ತರ. ತಂಡಕ್ಕೆ ಪ್ರಾಯೋಜಕರಾಗಿದ್ದುದೂ ಇಂಥದೇ ಆಟದ ಕಂಪನಿಯಾದ್ದರಿಂದ, ಅದರ ಮುಂದಿನ ತಿಂಗಳು ನಮ್ಮ ಕ್ರಿಕೆಟ್ ತಂಡ ಏಷ್ಯಾ ಕಪ್‌ಗೆ ಎದೆ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದೆ ಹೋಯಿತು. ಬರೀ ದೇಶದ ಹೆಸರು. ನೋಡಲು ಚೆನ್ನಾಗಿಯೇ ಇತ್ತು.

ನನಗೆ ಆ ಕಾನೂನಿನ ಬಗ್ಗೆ ಜೋಕು ಮಾಡಲು ಅಷ್ಟು ಮನಸ್ಸಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದ. ಒಳ್ಳೆ ಕೆಲಸಗಾರ. ಸಂಬಳ ಬಂದ ವಾರಕ್ಕೆ ಕೈಗಡ ಕೇಳುತ್ತಿದ್ದ. ತಾಯಿಗೆ ಹುಷಾರಿಲ್ಲ ಅನ್ನುತ್ತಿದ್ದ, ಬೈಕ್ ರಿಪೇರಿ ಅನ್ನುತ್ತಿದ್ದ. ಆಮೇಲೆ ಗೊತ್ತಾಯಿತು, ರಾತ್ರಿ ಎರಡು ಗಂಟೆವರೆಗೆ ಮೊಬೈಲಿನಲ್ಲಿ ಎಲೆ ಆಡುತ್ತಿದ್ದ. ಪಕ್ಕದಲ್ಲಿ ಮಲಗಿದ ಹೆಂಡತಿಗೂ ತಿಳಿಯದ ಹಾಗೆ, ಬೆಳಕು ಕಡಿಮೆ ಮಾಡಿಕೊಂಡು.

ನಮ್ಮೂರ ಅರಳಿಕಟ್ಟೆಯಲ್ಲಿ ಯುಗಾದಿಗೆ ಇಸ್ಪೀಟು ಆಡುವುದು ಯಾವ ಕಾಲದಿಂದಲೋ ಇದೆ. ಅದು ಒಳ್ಳೆಯದು ಅಂತ ಹೇಳುತ್ತಿಲ್ಲ. ಅಲ್ಲೂ ಸೋತವರಿದ್ದಾರೆ. ಆದರೆ ಅಲ್ಲಿ ಒಬ್ಬ ಸೋಲುತ್ತಾ ಹೋದರೆ ಎದುರು ಕೂತವನೇ "ಸಾಕು ಎದ್ದೋಗ್ಲಾ" ಅನ್ನುತ್ತಿದ್ದ. ಎಲೆ ಕಲಸಿದ್ದು ಸರಿ ಇಲ್ಲ ಅಂತ ಯಾರಾದರೂ ಕ್ಯಾತೆ ತೆಗೆದು ಅರ್ಧ ಗಂಟೆ ಆಟ ನಿಲ್ಲುತ್ತಿತ್ತು. ಅಷ್ಟರಲ್ಲಿ ಸೋಲುತ್ತಿದ್ದವನ ಹೆಂಡತಿ ಬಂದು ಅಂಗಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಇಡೀ ಊರು ನೋಡುತ್ತಿತ್ತು. ಮೊಬೈಲಿನ ಆಟದಲ್ಲಿ ಅಂಗಿ ಹಿಡಿಯುವವರು ಯಾರು? ಅಲ್ಲಿ ಎಲೆ ಕಲಸುವುದು ಅರೆಕ್ಷಣದ ಕೆಲಸ, ಯಾರೂ ಎದ್ದುಹೋಗು ಅನ್ನುವುದಿಲ್ಲ. ಆ ಹುಡುಗ ಕೆಲಸ ಬಿಟ್ಟು ಊರಿಗೆ ಹೋದ. ಈಗ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾನೆ ಅಂತ ಕೇಳಿದೆ.

ಮಾತು ಎಲ್ಲಿಗೋ ಹೋಯಿತು. ಟೀ ಅಂಗಡಿ ಕಡೆ ಬರೋಣ.

ಹೂಟಗಳ್ಳಿಯಲ್ಲಿ ನಾನು ದಿನಾ ಟೀ ಕುಡಿಯುವ ಅಂಗಡಿಯಲ್ಲಿ ಮೊದಲೆಲ್ಲ ದುಡ್ಡಿನ ಕ್ಯಾತೆ ನಡೆಯುತ್ತಲೇ ಇತ್ತು. "ಕೊಟ್ಟೆ ಅಣ್ಣ." "ಎಲ್ಲಿ ಕೊಟ್ರಿ?" ಆಮೇಲೆ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಬಂತು. ಹನ್ನೆರಡು ರೂಪಾಯಿ ಬಂದಿದೆ ಅಂತ ಹೆಂಗಸಿನ ದನಿಯಲ್ಲಿ ಅದು ಹೇಳಿದರೆ ಮುಗಿಯಿತು. ಅಣ್ಣ ತಲೆ ಎತ್ತಿ ಗಿರಾಕಿಯ ಮುಖ ನೋಡುವುದನ್ನೂ ಬಿಟ್ಟ. ಪೆಟ್ಟಿಗೆಯ ಮಾತಿಗೆ ಎದುರಿಲ್ಲ.

2025ರ ಜುಲೈನಲ್ಲಿ ಒಂದು ದಿನ ಹೋದರೆ ಪೆಟ್ಟಿಗೆ ಇಲ್ಲ, ಕ್ಯೂಆರ್ ಚೀಟಿ ಅಂಟಿಸಿದ್ದ ಜಾಗದಲ್ಲಿ ಗೋಂದಿನ ಗುರುತು ಮಾತ್ರ. ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಹೋಗಲು ಶುರುವಾಗಿದ್ದ ಸಮಯ ಅದು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಆಗಬೇಕು. ಯಂತ್ರ ಬಂದ ದುಡ್ಡನ್ನೆಲ್ಲ ಕೂಡಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಅನ್ನುವ ಬೋರ್ಡು ತೂಗಿದವು. ನಮ್ಮ ಅಣ್ಣನಿಗೆ ನೋಟಿಸ್ ಏನೂ ಬಂದಿರಲಿಲ್ಲ. ಬಂದೀತು ಅನ್ನುವ ಭಯ.

"ನೋಡಿ ಸಾ, ಭಾಮೈದ ಚೀಟಿ ದುಡ್ಡು ಹಾಕಿದ್ದ, ಅದೂ ಇದ್ರಲ್ಲೇ ಬಂತು. ಗಾಡಿ ಮಾರಿದ್ದು ಇದ್ರಲ್ಲೇ ಬಂತು. ನಿಮ್ಮಂಥೋರು ಕೈಗಡ ವಾಪಸ್ ಕೊಟ್ಟಿದ್ದೂ ಇದ್ರಲ್ಲೇ. ಎಲ್ಲಾ ಟೀ ಮಾರಿದ್ದು ಅಂದ್ಕೊಂಡ್ರೆ, ಮೈಸೂರಿಗೆಲ್ಲಾ ನಾನೊಬ್ನೇ ಟೀ ಕುಡ್ಸಿರ್ಬೇಕು."

ಪೆಟ್ಟಿಗೆ ಪ್ರತಿ ಸಲವೂ ಸತ್ಯವನ್ನೇ ಹೇಳಿತ್ತು. ಹನ್ನೆರಡು ರೂಪಾಯಿ ಬಂತು ಅಂದರೆ ಬಂದೇ ಬಂದಿತ್ತು. ಯಾಕೆ ಬಂತು ಅಂತ ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ವ್ಯಾಪಾರಿಗಳು ಬೀದಿಗಿಳಿಯುತ್ತೇವೆ, ಬಂದ್ ಮಾಡುತ್ತೇವೆ ಅಂದರು. ಆ ತಿಂಗಳ 23ರಂದು ಮುಖ್ಯಮಂತ್ರಿಗಳು ಅವರನ್ನು ಕರೆದು ಕೂರಿಸಿಕೊಂಡು ಮಾತಾಡಿದರು. ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅನ್ನುವ ಭರವಸೆ ಬಂತು. ಯಂತ್ರ ಹಾಕಿದ ಲೆಕ್ಕಕ್ಕೆ ಮನುಷ್ಯರು ಎದುರುಬದುರು ಕೂತು ಕ್ಯಾತೆ ತೆಗೆದು ಕೊನೆಗೆ ಒಂದು ಕಡೆಗೆ ಬಂದರು. ಕೆಲವು ವಾರ ಬಿಟ್ಟು ಅಣ್ಣನ ಪೆಟ್ಟಿಗೆಯೂ ವಾಪಸ್ ಬಂತು. ದನಿ ಮೊದಲಿಗಿಂತ ಸ್ವಲ್ಪ ಮೆಲ್ಲಗೆ ಇಟ್ಟಿದ್ದಾನೆ.

ಅದೇ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತ್ತು. ಜೂನ್ 30ಕ್ಕೆ ಬಾಗಿನ ಅರ್ಪಿಸಿದರು. ನಾನು ಊರಿನ ಚಿಕ್ಕಪ್ಪನಿಗೆ ಫೋನ್ ಮಾಡಿ, ಮೊಬೈಲಿನಲ್ಲೇ ನೋಡಿದೆ, 124.80 ಅಡಿ ಭರ್ತಿಯಂತೆ ಅಂದೆ. "ನಿನ್ ಮೊಬೈಲಲ್ಲಿ ತುಂಬುದ್ರೆ ನಮ್ ಗದ್ದೆಗೆ ಬತ್ತದಾ? ನಾಲೆಗೆ ಬುಟ್ಟ ದಿನ ಫೋನ್ ಮಾಡು" ಅಂದರು. ಫೋನ್ ಇಟ್ಟರು.

ಇಷ್ಟೆಲ್ಲ ಅನುಮಾನದ ಜನ ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾರೆ, ಬೆರಳಿಗೆ ಹಚ್ಚುವ ವೋಟಿನ ಶಾಯಿ. ಅದು ನಮ್ಮ ಮೈಸೂರಿನದೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದೇ. ವೋಟಿನ ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ನಾವು ಯಾರಿಗೆ ಒತ್ತಿದೆವು ಅನ್ನುವ ಚೀಟಿ ಏಳು ಸೆಕೆಂಡ್ ಕಾಣುತ್ತದೆ. 2024ರಲ್ಲಿ ಅವ್ವ ವೋಟು ಹಾಕಿ ಹೊರಗೆ ಬರುವುದು ತಡವಾಯಿತು. ಏನಾಯ್ತವ್ವ ಅಂದರೆ, "ಚೀಟಿ ಕೆಳಕ್ಕೆ ಬೀಳಗಂಟ ನಿಂತಿದ್ದೆ" ಅಂದಳು. ಏಳು ಸೆಕೆಂಡಾದರೂ ನೋಡಲು ಬಿಟ್ಟರಲ್ಲ ಅಂತ ಆ ಯಂತ್ರದ ಬಗ್ಗೆ ಅವಳಿಗೆ ಲೂಡೋಗಿಂತ ಜಾಸ್ತಿ ಗೌರವ.

ಹೋದ ದಸರಾ ರಜೆಯಲ್ಲಿ ಅಕ್ಕನ ಮಗನನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಚಿತ್ರಗಳನ್ನು ಬೇಗ ಬೇಗ ದಾಟಿದ. ಮುಮ್ಮಡಿ ಕೃಷ್ಣರಾಜ ಒಡೆಯರ ಚಿತ್ರದ ಮುಂದೆ ನಿಲ್ಲಿಸಿ, ಇವರು ನಿನ್ನ ಜಾತಿಯವರೇ ಕಣೋ, ಗೇಮರ್ ಅಂದೆ. ನಕ್ಕ. ನಿಜ ತಾನೇ? ಐದು ವರ್ಷದ ಹುಡುಗನಾಗಿದ್ದಾಗ 1799ರಲ್ಲಿ ಪಟ್ಟ ಆಯಿತು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವ ತನಕ ಹೆಸರಿಗೆ ರಾಜರು, ಕೈಯಲ್ಲಿ ರಾಜ್ಯವಿಲ್ಲ. ಅವರು ಆಟ ಕಟ್ಟಿದರು. ಗಂಜೀಫಾ ಅನ್ನುವ ಹಳೇ ಕಾಲದ ಇಸ್ಪೀಟು ಎಲೆಗಳಲ್ಲಿ ಹೊಸ ಹೊಸ ಆಟ ಹೊಸೆದರು. ಕೆಲವು ಕಟ್ಟುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆ. ಅವನ್ನು ಕಲಸುವವನ ಕೈ ಗತಿ ಏನು ಅಂತ ಯೋಚಿಸಿ. ಅವರ ಕಾಲದ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರ ಇದೆ.

ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಸಮಸ್ಯೆ ಇದೆಯಲ್ಲ, ಅದನ್ನೂ ಅವರು ಬಿಡಿಸಿದ್ದರು. ನಾನು ಕಾಲೇಜಿನಲ್ಲಿ ಇದೇ ಸಮಸ್ಯೆಗೆ ಪ್ರೋಗ್ರಾಮ್ ಬರೆದು ಪರೀಕ್ಷೆ ಪಾಸಾದವನು. ನಮ್ಮ ಪುಸ್ತಕದಲ್ಲಿ ಆಯ್ಲರ್ ಎಂಬ ಯುರೋಪಿನ ಗಣಿತಜ್ಞನ ಹೆಸರಿತ್ತು. ಅವರು 1759ರಲ್ಲೇ ಅದರ ಬಗ್ಗೆ ಬರೆದವರು, ಸರಿ. ಆದರೆ ನಾವು ಕೂತಿದ್ದ ಕ್ಲಾಸಿನಿಂದ ಒಂದು ಬಸ್ಸು ಹತ್ತಿದರೆ ಸಿಗುವ ಅರಮನೆಯಲ್ಲಿ ಒಬ್ಬ ರಾಜರು ಇದರ ಹಿಂದೆ ಬಿದ್ದಿದ್ದರು ಅಂತ ಯಾರೂ ಹೇಳಲಿಲ್ಲ.

"ಒಬ್ರೇ ಆಡೋ ಆಟ ಯಾಕೆ ಮಾಡಿದ್ರು ಮಾಮ?" ಅಂದ ಹುಡುಗ.

ನನಗೆ ಹೊಳೆದದ್ದನ್ನು ಹೇಳಿದೆ. ಮಹಾರಾಜರ ಎದುರು ಕೂತವನು ಕ್ಯಾತೆ ತೆಗೆದಾನಾ? ಅವರು ಹಾಕಿದ್ದೇ ಗರ. ಅಂಥ ಆಟದಲ್ಲಿ ಏನು ಮಜಾ? ಅದಕ್ಕೇ ಕುದುರೆ ಜೊತೆ ಆಡಿರಬೇಕು. ಇದು ಚರಿತ್ರೆಯಲ್ಲ, ನನ್ನ ಊಹೆ.

ಯುಗಾದಿಗೆ ಊರಿಗೆ ಹೋಗಿದ್ದೆವು. ಹೊಸತೊಡಕಿನ ದಿನ, ಎಲ್ಲರ ಹೊಟ್ಟೆ ಬಿರಿಯುವ ಹಾಗೆ ತುಂಬಿದೆ. ಕರೆಂಟ್ ಹೋಗಿತ್ತು. ಹುಡುಗನ ಮೊಬೈಲಿನಲ್ಲಿ ಚಾರ್ಜು ಒಂಬತ್ತು ಪರ್ಸೆಂಟ್, ನೆಟ್‌ವರ್ಕ್ ಒಂದು ಕಡ್ಡಿ. ಬೇಜಾರಾಗಿ ಜಗುಲಿಗೆ ಬಂದು ಕೂತ. ಅವ್ವ ಸೆರಗಿನ ಗಂಟಿನಿಂದ ನಾಲ್ಕು ಹುಣಸೆ ಬೀಜ ತೆಗೆದಳು. ತಿಕ್ಕಿ ಎಷ್ಟು ವರ್ಷವಾಗಿತ್ತೋ, ಬಿಳಿ ಮಗ್ಗುಲು ಕಂದಾಗಿತ್ತು.

ಮೊದಲ ಆಟ ಅವ್ವ ಗೆದ್ದಳು. ಎರಡನೆಯದರಲ್ಲಿ ಹುಡುಗನ ಮೂರು ಕಾಯಿ ಹಣ್ಣಾಗಿ, ಉಳಿದದ್ದು ಒಂದು. ಅವ್ವನಿಗೆ ಉಳಿಯಬೇಕಾದರೆ ಚೌಕ ಬೀಳಲೇಬೇಕು. ಬೀಜಗಳನ್ನು ಅಂಗೈಯಲ್ಲಿ ಗಲಗಲ ಅನಿಸಿ ಹಾಕಿದಳು. ಮೂರು ಬಿಳಿ. ನಾಲ್ಕನೆಯದು ಉರುಳಿಕೊಂಡು ಹೋಗಿ ಚಾಪೆ ಅಂಚಿಗೆ ಒರಗಿ ನಿಂತಿತು.

"ಚೌಕ!" ಅಂದಳು ಅವ್ವ.

"ಅಜ್ಜಿ, ಅದು ಕಪ್ಪು. ಮೂರೇ."

"ಕಣ್ ಕಾಣಾಕಿಲ್ವಾ? ಬಿಳಿ."

ಹುಡುಗ ಜೇಬಿನಿಂದ ಮೊಬೈಲ್ ತೆಗೆದ. ಒಂಬತ್ತರಲ್ಲಿ ಎರಡು ಪರ್ಸೆಂಟ್ ಖರ್ಚಾದರೂ ಸರಿ ಅಂತ ಫೋಟೋ ಹೊಡೆದು, ಎರಡು ಬೆರಳಿನಲ್ಲಿ ಹಿಗ್ಗಿಸಿ, ಥರ್ಡ್ ಅಂಪೈರ್ ಹಾಗೆ ಎತ್ತಿ ತೋರಿಸಿದ. ಕಪ್ಪು ಚೌಕ ಚೌಕವಾಗಿ ಕಾಣುವ ತನಕ ಹಿಗ್ಗಿಸಿದ್ದ. ಅವ್ವ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದಳು.

"ಇದು ನಿನ್ ಕಡೆಯಿಂದ ತೆಗೆದಿರೋದು. ಈ ಕಡೆ ಬಂದು ತೆಗಿ."

ಅವನು ಎದ್ದು ಅವ್ವನ ಕಡೆ ಬಂದ. ಬರುವಾಗ ಚಾಪೆ ತುಳಿದನೋ ಇಲ್ಲವೋ ಅನ್ನುವುದು ಬೇರೆ ಕ್ಯಾತೆ. ಈ ಕಡೆಯಿಂದ ತೆಗೆದ ಫೋಟೋದಲ್ಲಿ ಅರ್ಧ ಕಂದು, ಅರ್ಧ ನೆರಳು. ಇಬ್ಬರೂ ನನ್ನ ಕಡೆ ತಿರುಗಿದರು.

"ನೀನೇ ಹೇಳ್ಲಾ," ಅಂದಳು ಅವ್ವ. "ದಿನಾ ಇದೇ ಕೆಲ್ಸಕ್ಕೆ ತಾನೇ ನಿಂಗೆ ಸಂಬ್ಳ ಕೊಡೋದು?"

ನಾನು ಬಗ್ಗಿ ಬೀಜವನ್ನು ನೋಡಿದೆ. "ನನ್ನ ಮಷೀನಿನಲ್ಲಿ ಬಿಳಿ ಕಾಣ್ತಿದೆಯಲ್ಲ" ಅಂದೆ.

ಅಜ್ಜಿ ಮೊಮ್ಮಗ ಇಬ್ಬರೂ ಸೇರಿ ನನ್ನನ್ನು ಜಗುಲಿಯಿಂದ ಕೆಳಗಿಳಿಸಿದರು.